ಸೆಕೆಂಡ್‌ಹ್ಯಾಂಡ್ ಸೋನಿ ಎ7 ತ್ರೀ ಕ್ಯಾಮೆರಾ ತಗೊಳ್ಳೋದಾ, ಸಾಲ ಮಾಡಿ ಎ7 ಫೋರ್ ತಗೊಳ್ಳೋದಾ? ಆಷಾಢದೊಳಗೆ ತೀರ್ಮಾನ ಆಗ್ಬೇಕು

ಬೀರೂರು ಜಂಕ್ಷನ್

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ಬರೀಲೇಬೇಕಾಗಿ ಬಂತು.

ನಾಲ್ಕು ವರ್ಷದಿಂದ ಒಂದು ಸ್ಟುಡಿಯೊದಲ್ಲಿ ಮದುವೆ ಫೋಟೊ ಹೊಡೀತಿದೀನಿ. ಸ್ವಂತದ್ದು ಅಂತ ಇರೋದು ಹಳೇ ನಿಕಾನ್ ಡಿ7200, ಅದರ 18-140 ಲೆನ್ಸು, ಒಂದು 50 ಎಫ್/1.8ಡಿ, ಅಷ್ಟೇ. ಕೆಲಸಕ್ಕೆ ಹೋದಾಗ ಓನರ್ ಅಣ್ಣನ ಕ್ಯಾಮೆರಾನೇ ಕೈಗೆ ಬರೋದು. ಈ ಶ್ರಾವಣದಿಂದ ನಾನೇ ಆರ್ಡರ್ ಒಪ್ಕೊಂಡು ಮಾಡೋಣ ಅಂತ. ಕಡೂರು, ತರೀಕೆರೆ ಕಡೆ ಮೂರು ಮದುವೆಗೆ ಅಡ್ವಾನ್ಸೂ ಆಗಿದೆ.

ಕೈಲಿರೋದು 2 ಲಕ್ಷ 20 ಸಾವಿರ. ಹಾಸನದಲ್ಲಿ ಒಬ್ರ ಹತ್ರ ಸೋನಿ ಎ7 ತ್ರೀ ಇದೆ. 62 ಸಾವಿರ ಶಟರ್ ಕೌಂಟು (ಇಲ್ಲಿವರೆಗೆ ಹೊಡೆದ ಕ್ಲಿಕ್ ಲೆಕ್ಕ), 88 ಸಾವಿರ ಹೇಳ್ತಿದಾರೆ. ಅದನ್ನ ತಗೊಂಡ್ರೆ ಟ್ಯಾಮ್ರಾನ್ 28-75 ಎಫ್/2.8 ಬರುತ್ತೆ, ಸ್ವಲ್ಪ ಎಳೆದಾಡಿದ್ರೆ 85 ಎಫ್/1.8, ಗೋಡಾಕ್ಸ್ ಫ್ಲಾಶೂ ಬರುತ್ತೆ. ಇಲ್ಲಾಂದ್ರೆ ಹೊಸ ಎ7 ಫೋರ್, ಅದರ ಜೊತೆ ಕೊಡೋ 28-70 ಕಿಟ್ ಲೆನ್ಸು. ಅಲ್ಲಿಗೆ ದುಡ್ಡು ಖಾಲಿ, ಫ್ಲಾಶಿಗೆ ಸಾಲ.

2018ರ ಕ್ಯಾಮೆರಾನ ಈಗ ತಗೊಳ್ಳೋದು ದಡ್ಡತನ ಆಗುತ್ತಾ? ಯೂಟ್ಯೂಬಲ್ಲಿ ಒಬ್ಬ ತ್ರೀ ಸತ್ತುಹೋಯ್ತು ಅಂತಾನೆ, ಇನ್ನೊಬ್ಬ ರಾಜ ಅಂತಾನೆ. ತಲೆ ಕೆಟ್ಟಿದೆ.

ಕೊಕ್ಕರೆ ಬೆಳ್ಳೂರು

ಫೋರ್. ಯೋಚನೇನೇ ಮಾಡ್ಬೇಡಿ. ಫೋಕಸ್ಸಲ್ಲಿ ಎರಡಕ್ಕೂ ಅಜಗಜಾಂತರ. ಫೋರಲ್ಲಿ ಹಕ್ಕಿ ಕಣ್ಣನ್ನೇ ಹುಡುಕಿ ಹಿಡ್ಕೊಳ್ಳುತ್ತೆ.

ಶಟರ್ ಸಿದ್ದಪ್ಪ

@ಕೊಕ್ಕರೆ ಬೆಳ್ಳೂರು ಮದುವೆ ಮನೇಲಿ ಹಕ್ಕಿ ಎಲ್ಲಿ ಬಂತು ಸ್ವಾಮಿ?

ಕೊಕ್ಕರೆ ಬೆಳ್ಳೂರು

ಹುಡುಗನ ಕಡೆಯವರಲ್ಲಿ ಇರ್ತಾರೆ ಒಂದಿಬ್ರು 😄

ಶಟರ್ ಸಿದ್ದಪ್ಪ

ತಮಾಷೆ ಬಿಡಿ. ಬೀರೂರಿನವರೇ, ನಾನು ದಾವಣಗೆರೆ ಕಡೆಯವನು, ಹದಿನಾಲ್ಕು ವರ್ಷದಿಂದ ಇದೇ ಕಸುಬು. ತ್ರೀ ಎರಡು ಇಟ್ಕೊಂಡಿದೀನಿ, ಹೋದ ವರ್ಷ ಫೋರ್ ಒಂದು ಸೇರಿಸ್ದೆ. ಹಾಗಾಗಿ ಎರಡನ್ನೂ ಒಂದೇ ಛತ್ರದಲ್ಲಿ, ಒಂದೇ ಬೆಳಕಲ್ಲಿ ಹಿಡಿದು ನೋಡಿದ ಮೇಲೆ ಹೇಳ್ತಿರೋದು.

ನೀವು ಕ್ಯಾಮೆರಾಗೆ ಕ್ಯಾಮೆರಾ ಹೋಲಿಸ್ತಿದೀರಿ. ಅಲ್ಲೇ ತಪ್ಪಿದ್ದು. ನೀವು ಬರೆದಿರೋ ಪ್ರಕಾರ ಹೋಲಿಸಬೇಕಾದ್ದು ತ್ರೀ ಜೊತೆ 2.8 ಲೆನ್ಸು ಒಂದು ಕಡೆ, ಫೋರ್ ಜೊತೆ ಕಿಟ್ ಲೆನ್ಸು ಇನ್ನೊಂದು ಕಡೆ. ಕಿಟ್ ಲೆನ್ಸು 70ಕ್ಕೆ ಝೂಮ್ ಮಾಡಿದ್ರೆ ಎಫ್/5.6ಕ್ಕೆ ಇಳಿಯುತ್ತೆ, ಅಂದ್ರೆ ಬೆಳಕು ಒಳಗೆ ಬಿಡೋ ಬಾಯಿ ಕಿರಿದಾಗುತ್ತೆ. ಟ್ಯಾಮ್ರಾನ್ ಅಲ್ಲೂ 2.8ರಲ್ಲೇ ಇರುತ್ತೆ. ಎರಡು ಸ್ಟಾಪ್, ಅಂದ್ರೆ ನಾಲ್ಕು ಪಟ್ಟು ಬೆಳಕು. ನೀವು ತ್ರೀನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಲ್ಲಿ ತೆಗೆಯೋ ಧಾರೆ ಫೋಟೊನ ಫೋರಲ್ಲಿ 12800ರಲ್ಲಿ ತೆಗೀಬೇಕಾಗುತ್ತೆ. ಮೂರು ವರ್ಷ ಹೊಸ ಸೆನ್ಸರು ಆ ನಾಲ್ಕು ಪಟ್ಟನ್ನ ತುಂಬಿಕೊಡಲ್ಲ. ಕತ್ತಲಲ್ಲಿ ನಾಯ್ಸ್ (ಫೋಟೊದಲ್ಲಿ ಏಳೋ ಚುಕ್ಕೆ) ವಿಷಯಕ್ಕೆ ಎರಡೂ ಹತ್ರ ಹತ್ರಾನೇ ಇವೆ.

ಬೆಳಗಿನ ಜಾವ 4.30ರ ಮುಹೂರ್ತ, ಟ್ಯೂಬ್‌ಲೈಟು, ಹೋಮದ ಹೊಗೆ. ಅಲ್ಲಿ 5.6 ಲೆನ್ಸ್ ಇಟ್ಕೊಂಡು ನಿಂತ್ರೆ ಯಾವ ಹೊಸ ಮಾಡೆಲ್ಲೂ ಕಾಪಾಡಲ್ಲ.

ಬೀರೂರು ಜಂಕ್ಷನ್

ಅಣ್ಣಾ, ಇದು ನಂಗೆ ಹೊಳೆದೇ ಇರಲಿಲ್ಲ. ನಿಕಾನ್ 18-140ರಲ್ಲಿ ಇದೇ ಒದ್ದಾಟ ಪಟ್ಟಿದೀನಿ, ಆದ್ರೂ ಹೊಳೀಲಿಲ್ಲ.

ಎಸ್‌ಲಾಗ್ ಸೀನ

ಫೋಟೊ ಮಾತ್ರ ಆದ್ರೆ ಸಿದ್ದಪ್ಪನವರ ಮಾತು ಸರಿ. ವಿಡಿಯೊ ಮಾಡ್ತೀರಾ ಇಲ್ವಾ ಅಂತ ಮೊದಲು ಹೇಳಿ. ಅದರ ಮೇಲೆ ಇಡೀ ಕಥೆ ನಿಂತಿದೆ.

ಬೀರೂರು ಜಂಕ್ಷನ್

ಟ್ರೆಡಿಷನಲ್ ವಿಡಿಯೊಗೆ ಬೇರೆ ಹುಡುಗ ಬರ್ತಾನೆ, ಅವನದೇ ಕ್ಯಾಮೆರಾ. ಪ್ರಿ-ವೆಡ್ಡಿಂಗ್ ಮಾತ್ರ ನಾನೇ ಮಾಡ್ಬೇಕು, ಎರಡು ಮೂರು ನಿಮಿಷದ ಹಾಡು.

ಎಸ್‌ಲಾಗ್ ಸೀನ

ಹಾಗಾದ್ರೆ ಕೇಳಿ, ಸ್ವಲ್ಪ ಉದ್ದ ಆಗುತ್ತೆ.

ತ್ರೀ ವಿಡಿಯೊ 8 ಬಿಟ್, ಫೋರ್ 10 ಬಿಟ್. ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಒಂದರಲ್ಲಿ, 1024 ಇನ್ನೊಂದರಲ್ಲಿ. ಮಾಮೂಲಿ ಪ್ರೊಫೈಲಲ್ಲಿ ತೆಗೆದು ಹಾಗೇ ಕೊಟ್ರೆ ಗಿರಾಕಿಗೆ ಗೊತ್ತೇ ಆಗಲ್ಲ. ಆದ್ರೆ ತ್ರೀನಲ್ಲಿ ಎಸ್‌ಲಾಗ್ (ಆಮೇಲೆ ಬಣ್ಣ ತಿದ್ದೋಕೆ ಅಂತ ಪೇಲವವಾಗಿ ತೆಗೆಯೋ ಪ್ರೊಫೈಲು) ಹಾಕಿ, ಕಂಪ್ಯೂಟರಲ್ಲಿ ಬಣ್ಣ ಎಳೆದಾಡೋಕೆ ಹೋದ್ರಿ ಅನ್ಕೊಳ್ಳಿ, ಸಂಜೆ ಆಕಾಶದಲ್ಲಿ ಪಟ್ಟೆ ಪಟ್ಟೆ ಏಳುತ್ತೆ. ಮುಳ್ಳಯ್ಯನಗಿರಿ ಮೇಲೆ ಸೂರ್ಯಾಸ್ತಕ್ಕೆ ಜೋಡಿ ನಿಲ್ಲಿಸೋದು ನಿಮ್ಮ ಕಡೆ ಕಡ್ಡಾಯ ಅಲ್ವಾ? ಅಲ್ಲೇ ಸಿಕ್ಕಿಬೀಳ್ತೀರಿ. ತ್ರೀ ತಗೊಂಡ್ರೆ ಎಸ್‌ಲಾಗ್ ಮರೆತುಬಿಡಿ. ಎಚ್‌ಎಲ್‌ಜಿ ಅನ್ನೋ ಇನ್ನೊಂದು ಪ್ರೊಫೈಲಿದೆ, ಇಲ್ಲಾ ಪ್ಲೇನ್ ಪ್ರೊಫೈಲಲ್ಲಿ ಕಾಂಟ್ರಾಸ್ಟ್ ಕಮ್ಮಿ ಮಾಡ್ಕೊಂಡು ತೆಗೀರಿ.

ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲದ್ದು. ತ್ರೀನಲ್ಲಿ 4ಕೆ 30ಪಿ, ಅಂದ್ರೆ ಸೆಕೆಂಡಿಗೆ 30 ಫ್ರೇಮ್ ಇಟ್ರೆ ಚಿತ್ರ ಸುತ್ತಲೂ ಕತ್ತರಿಸಿ ಸುಮಾರು 1.2 ಪಟ್ಟು ಹತ್ರ ಬರುತ್ತೆ. 24, 25ರಲ್ಲಿ ಇಟ್ರೆ ಪೂರ್ತಿ ಅಗಲ ಸಿಗುತ್ತೆ, 6ಕೆಯಿಂದ ಇಳಿಸಿ ಕೊಡೋದ್ರಿಂದ ಇನ್ನೂ ಚೂಪಾಗಿರುತ್ತೆ. ನಮ್ಮ ಕರೆಂಟು 50 ಹರ್ಟ್ಸ್. ಪಾಲ್ ಮೋಡಲ್ಲಿ 25ಪಿ, ಶಟರ್ 1/50 ಇಟ್ರೆ ಛತ್ರದ ಟ್ಯೂಬ್‌ಲೈಟ್ ಮಿಣುಕೋದೂ ನಿಲ್ಲುತ್ತೆ. ಒಂದೇ ಕಲ್ಲಿಗೆ ಎರಡು ಮಾವಿನಕಾಯಿ.

ಸ್ಲೋ ಮೋಷನ್ 4ಕೆನಲ್ಲಿ ಬೇಕಂದ್ರೆ ಫೋರೇ ಗತಿ. ಅಲ್ಲೂ 50/60ಕ್ಕೆ ಒಂದೂವರೆ ಪಟ್ಟು ಕ್ರಾಪ್ ಇದೆ, 28 ಲೆನ್ಸು 42 ಆಗುತ್ತೆ. ಅದನ್ನ ಜಾಹೀರಾತಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಲ್ಲ. ತ್ರೀನಲ್ಲಿ ಅರ್ಧ ಗಂಟೆ ಆಗ್ತಿದ್ದಂಗೆ ರೆಕಾರ್ಡಿಂಗ್ ತಾನೇ ನಿಲ್ಲುತ್ತೆ, ಫೋರಲ್ಲಿ ಆ ಮಿತಿ ಇಲ್ಲ.

ಧಾರವಾಡದಾಂವ

ಸೀನಣ್ಣಾರ, ಎಲ್ಲಾ ಖರೇ ಅದ. ಆದ್ರ 10 ಬಿಟ್ ಫೈಲ್ ಎಡಿಟ್ ಮಾಡೂ ಕಂಪ್ಯೂಟರ್ ಯಾರ ಅಪ್ಪ ಕೊಡ್ತಾನ್ರಿ? ನಾ ಫೋರ್ ತಗೊಂಡ ಮ್ಯಾಲೆ ಬಣ್ಣದ ಮಾಹಿತಿ ಜಾಸ್ತಿ ಇರೂ 10 ಬಿಟ್ 4:2:2 ಫೈಲ್ ಹಾಕಿದ್ರ ನಮ್ಮ ಹಳೇ ಪಿಸಿ ಎಮ್ಮಿ ಮಲಗಿದಂಗ ಮಲಗಿಬಿಡ್ತು. ಗ್ರಾಫಿಕ್ಸ್ ಕಾರ್ಡ್ ಛಲೋದೈತಿ ಅನ್ಕೊಂಡಿದ್ದೆ. ಆ 4:2:2 ಎಚ್265 ಫೈಲ್ ಹಳೇ ಎನ್‌ವಿಡಿಯಾ ಕಾರ್ಡಿಗೆ ಹಾರ್ಡ್‌ವೇರ್‌ನ್ಯಾಗ ಓದಾಕ ಬರಂಗಿಲ್ಲ ಅನ್ನೂದು ಆಮ್ಯಾಲೆ ಗೊತ್ತಾತು. ಪ್ರಾಕ್ಸಿ (ಎಡಿಟಿಗೆ ಸಣ್ಣ ನಕಲು ಫೈಲ್) ಮಾಡ್ಕೊಂಡ ಕುಂತೆ ಒಂದು ಸೀಸನ್ ಪೂರ್ತಿ. ಕಡೀಕ್ ಪಿಸಿ ಬದಲಿ ಮಾಡಿದೆ, ಅದಕ್ಕ ಬ್ಯಾರೆ ರೊಕ್ಕ.

ಕ್ಯಾಮೆರಾದ ರೇಟ್ ನೋಡಿ ಲೆಕ್ಕ ಹಾಕಬ್ಯಾಡ್ರಿ ತಮ್ಮಾ.

ಹಳೇ ರೀಲು

ಮೈಸೂರಿನಲ್ಲಿ ನಾವು ಮದುವೆ ತೆಗೆಯುತ್ತಿದ್ದಾಗ ಒಂದು ಮದುವೆಗೆ ನಾಲ್ಕು ರೋಲು, ಅಂದರೆ 144 ಫೋಟೊ. ಫೋಕಸ್ ನಾವೇ ತಿರುಗಿಸಬೇಕು, ಬೆಳಕು ನಾವೇ ಅಳೆಯಬೇಕು. ಇಂದಿಗೂ ಆ ಆಲ್ಬಮ್‌ಗಳನ್ನು ಜನ ತೆಗೆದು ನೋಡುತ್ತಾರೆ. ಫೋಟೊ ತೆಗೆಯುವುದು ಕಣ್ಣು, ಕ್ಯಾಮೆರಾ ಅಲ್ಲ. ಯಾವುದಾದರೂ ಒಂದನ್ನು ಕೊಂಡು ಕೆಲಸ ಶುರು ಮಾಡಿ.

ಶಟರ್ ಸಿದ್ದಪ್ಪ

ಸರ್, ದೊಡ್ಡವರು, ಗೌರವ ಇದೆ. ಆದ್ರೆ "ಕ್ಯಾಮೆರಾ ಮುಖ್ಯ ಅಲ್ಲ" ಅನ್ನೋ ಮಾತು ಯಾವಾಗ್ಲೂ ಒಳ್ಳೆ ಕ್ಯಾಮೆರಾ ಇಟ್ಕೊಂಡವರ ಬಾಯಲ್ಲೇ ಬರೋದು. ಆಗ ಗಿರಾಕಿ 144 ಫೋಟೊಗೆ ಖುಷಿ ಆಗ್ತಿದ್ದ. ಈಗ 144 ಫೋಟೊ ಹುಡುಗಿ ಮೆಹಂದಿಗೇ ಬೇಕು.

ಹಳೇ ರೀಲು

ಅದೂ ನಿಜ ಅನ್ನಿ. ನನ್ನ ಹತ್ತಿರ ಆಗ ಇದ್ದ ಯಾಶಿಕಾಗಿಂತ ಪಕ್ಕದ ಸ್ಟುಡಿಯೊದವನ ನಿಕಾನ್ ಎಫ್‌ಎಂ2 ನೋಡಿ ಹೊಟ್ಟೆ ಉರಿದುಕೊಂಡದ್ದು ನೆನಪಿದೆ.

ಎಡಿಟಿಂಗ್ ಅಕ್ಕ

ನಾನು ಶಿವಮೊಗ್ಗದಲ್ಲಿ ಆಲ್ಬಮ್ ಡಿಸೈನ್ ಮಾಡೋಳು. ಹತ್ತಿಪ್ಪತ್ತು ಫೋಟೊಗ್ರಾಫರ್‌ಗಳ ಫೈಲು ನನ್ನ ಹತ್ರ ಬರುತ್ತೆ, ತ್ರೀದೂ ಬರುತ್ತೆ, ಫೋರ್‌ದೂ ಬರುತ್ತೆ. ತ್ರೀನ 24 ಮೆಗಾಪಿಕ್ಸೆಲ್ ಸಾಲಲ್ಲ ಅಂತ ಇನ್ನೂ ಯಾರೂ ಹೇಳಿಲ್ಲ, ಹೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ.

ನಮ್ಮಲ್ಲಿ ಓಡೋದು 12×36 ಹಾಳೆ. 300 ಡಿಪಿಐ ಲೆಕ್ಕಕ್ಕೆ ಬಿಚ್ಚಿದ ಹಾಳೆ 10800×3600 ಪಿಕ್ಸೆಲ್. ಅದರ ಅರ್ಧ, ಒಂದು ಪುಟ, 5400×3600. ತ್ರೀ ಫೋಟೊ 6000×4000, ಪುಟಕ್ಕೆ ಸಾಕಾಗಿ ಮಿಗುತ್ತೆ. ಒಂದೇ ಫೋಟೊನ ಎರಡೂ ಪುಟಕ್ಕೆ ಎಳೆದು ಹಾಕಿದ್ರೆ ತ್ರೀನೂ ಸಾಲಲ್ಲ, 7008 ಅಗಲದ ಫೋರೂ ಸಾಲಲ್ಲ, ಎರಡನ್ನೂ ದೊಡ್ಡದು ಮಾಡ್ಲೇಬೇಕು. ಮಾಡಿದ್ರೂ ಕಣ್ಣಿಗೆ ಗೊತ್ತಾಗಲ್ಲ, ಯಾಕಂದ್ರೆ ಯಾರೂ ಆಲ್ಬಮ್‌ನ ಮೂಗಿಗೆ ಹಿಡ್ಕೊಂಡು ನೋಡಲ್ಲ.

ಫೋರ್‌ನ 33 ಮೆಗಾಪಿಕ್ಸೆಲ್ ಎಲ್ಲಿ ಉಪಯೋಗಕ್ಕೆ ಬರುತ್ತೆ ಗೊತ್ತಾ? ತಾಳಿ ಕಟ್ಟೋ ಹೊತ್ತಿಗೆ ಸರಿಯಾಗಿ ವಿಡಿಯೊದವನ ಮೊಣಕೈ ಅಡ್ಡ ಬಂದಿರುತ್ತಲ್ಲ, ಅದನ್ನ ಕತ್ತರಿಸೋಕೆ. ಅಡ್ಡ ಫೋಟೊನ ಉದ್ದ ಮಾಡಿ ಕತ್ತರಿಸಿದ್ರೆ ತ್ರೀನಲ್ಲಿ ಹತ್ತೂವರೆ ಮೆಗಾಪಿಕ್ಸೆಲ್ ಉಳಿಯುತ್ತೆ, ಫೋರಲ್ಲಿ ಹದಿನಾಲ್ಕೂವರೆ.

ಅದಕ್ಕೆ ಬೆಲೆನೂ ಇದೆ. ತ್ರೀ ಕಂಪ್ರೆಸ್ಡ್ ರಾ (ಕ್ಯಾಮೆರಾ ತಿದ್ದದ ಮೂಲ ಫೈಲು) ಒಂದು ಸುಮಾರು 24 ಎಂಬಿ. ಫೋರ್ ಲಾಸ್‌ಲೆಸ್ ರಾ 40ರ ಆಸುಪಾಸು. ಮದುವೆಗೆ ಮೂರು ಸಾವಿರ ಕ್ಲಿಕ್ ಅಂದ್ರೂ 72 ಜಿಬಿ ಆಗೋ ಕಡೆ 120 ಜಿಬಿ. ಹಾರ್ಡ್‌ಡಿಸ್ಕ್ ತಂದು ಕೊಡುವಾಗ ನಿಮ್ಮ ಮುಖ ನೋಡೋಕಾಗಲ್ಲ ನಂಗೆ.

ಒಂದು ಮಾತ್ರ ಫೋರ್ ಪರವಾಗಿ ಹೇಳ್ತೀನಿ. ಅರಿಶಿನ ಶಾಸ್ತ್ರದ ಫೋಟೊ, ಅದೂ ಜೆಪೆಗ್ ಆದ್ರೆ, ಫೋರ್‌ದು ನೋಡೋಕೆ ಚೆನ್ನಾಗಿರುತ್ತೆ. ತ್ರೀ ಜೆಪೆಗಲ್ಲಿ ಮುಖ ಸ್ವಲ್ಪ ಹಳದಿ-ಹಸಿರಿಗೆ ತಿರುಗುತ್ತೆ, ಅರಿಶಿನ ಬೇರೆ ಬಳಿದಿರ್ತಾರೆ, ಕೇಳ್ಬೇಡಿ. ರಾ ಕೊಟ್ರೆ ಎರಡನ್ನೂ ಒಂದೇ ಹದಕ್ಕೆ ತರ್ತೀನಿ.

ಬೀರೂರು ಜಂಕ್ಷನ್

ಅಕ್ಕಾ, ಆಲ್ಬಮ್ ನಿಮ್ಮ ಹತ್ರಾನೇ ಮಾಡಿಸ್ತೀನಿ.

ಎಡಿಟಿಂಗ್ ಅಕ್ಕ

ಮೊದಲು ಫೋಟೊ ತೆಗೀರಿ. ಅತ್ತೆ ಕಣ್ಣು ಮುಚ್ಚಿರೋ ಫೋಟೊ ಕಳಿಸ್ಬೇಡಿ, ಅಷ್ಟು ಸಾಕು.

ನುಡಿಗಣ್ಣು

ಒಂದು ಸಣ್ಣ ಕೇಳ್ವಿ. ಈ ಸೋನಿಯಂಥ ಕ್ಯಾಮೆರಾಗಳನ್ನ ಎಲ್ಲರೂ ಮಿರರ್‌ಲೆಸ್ ಅಂತಾರೆ. ಕನ್ನಡದಲ್ಲಿ ಏನನ್ನಬಹುದು? ಕನ್ನಡಿಯಿಲ್ಲದ ಕ್ಯಾಮೆರಾ? ನಿಗನ್ನಡಿ?

ಧಾರವಾಡದಾಂವ

ಕನ್ನಡಿಗರಿಗೆ ಕನ್ನಡಿ ಬ್ಯಾಡಾತೇನ್ರಿ 😂

ಕುಡ್ಲದ ಕಡಲು

ಎಂತ ಮಾರಾಯ್ರೆ, ಒಬ್ಬ ಪಾಪ ಸಾಲದ ತಲೆಬಿಸಿಯಲ್ಲಿದ್ದಾನೆ, ನಿಮಗೆ ಪದ ಹುಡುಕುವ ಮರ್ಲು.

ನಾನು ಹೇಳುದು ಕೇಳಿ. ಎರಡು ಕಾರ್ಡ್ ಹಾಕುವ ಜಾಗ ಉಂಟಾ ಅಂತ ಮೊದಲು ನೋಡ್ಬೇಕು. ಈ ಎರಡರಲ್ಲೂ ಉಂಟು, ಅದು ಒಳ್ಳೇದು. ಯಾರಾದ್ರೂ ನಿಮಗೆ "ಎ7 ತ್ರೀ ಸೆನ್ಸರೇ, ಸಣ್ಣ ಬಾಡಿ" ಅಂತ ಎ7ಸಿ ತೋರಿಸಿದ್ರೆ ತಗೊಳ್ಬೇಡಿ, ಅದರಲ್ಲಿ ಒಂದೇ ಕಾರ್ಡ್. ಮದುವೆಗೆ ಒಂದೇ ಕಾರ್ಡ್ ಅಂದ್ರೆ ಬ್ರೇಕಿಲ್ಲದ ಬಸ್ಸು.

ಯಾಕೆ ಹೇಳ್ತೇನೆ ಅಂದ್ರೆ ನನಗೆ ಆಗಿದೆ. ಆಗ ನನ್ನ ಹತ್ರ ಇದ್ದದ್ದು ಒಂದು ಕಾರ್ಡಿನ ಕ್ಯಾಮೆರಾ, ಯಾವ ಕಂಪೆನಿದು ಅಂತ ಬೇಡ. ಬೆಳಿಗ್ಗೆಯಿಂದ ಧಾರೆವರೆಗೆ ತೆಗೆದದ್ದು ಎಲ್ಲ ಒಂದೇ ಕಾರ್ಡಲ್ಲಿ. ಊಟದ ಹೊತ್ತಿಗೆ ಕಾರ್ಡ್ ಓದುದೇ ಇಲ್ಲ ಅಂತು. ರಿಕವರಿಗೆ ಕೊಟ್ಟೆ, ಅರ್ಧ ಬಂತು, ಆ ಅರ್ಧದಲ್ಲಿ ಧಾರೆ ಇಲ್ಲ. ಕೊನೆಗೆ ಮದುಮಗನ ಮಾವನ ಮೊಬೈಲ್ ವಿಡಿಯೊದಿಂದ ಒಂದೊಂದು ಚಿತ್ರ ತೆಗೆದು ಆಲ್ಬಮಿಗೆ ಹಾಕಿದ್ದು. ಬಾಕಿ ದುಡ್ಡು ಕೇಳ್ಲಿಕ್ಕೆ ನನಗೇ ಮುಖ ಇರ್ಲಿಲ್ಲ. ಈಗಲೂ ಆ ಮನೆ ಎದುರು ಬೈಕಲ್ಲಿ ಹೋಗುವಾಗ ಹೆಲ್ಮೆಟ್ ಗ್ಲಾಸ್ ಕೆಳಗೆ ಹಾಕ್ತೇನೆ.

ಶಟರ್ ಸಿದ್ದಪ್ಪ

ಇದಕ್ಕೆ ಒಂದು ಸೇರಿಸ್ಬೇಕು. ತ್ರೀನಲ್ಲಿ ಒಂದನೇ ಸ್ಲಾಟ್ ಮಾತ್ರ ಯುಎಚ್‌ಎಸ್-2, ಅಂದ್ರೆ ವೇಗದ್ದು, ಎರಡನೇದು ನಿಧಾನದ್ದು. ಎರಡಕ್ಕೂ ಒಟ್ಟಿಗೆ ರಾ ಬರೆಸಿದ್ರೆ ಎರಡನೇದರ ವೇಗಕ್ಕೇ ನಿಲ್ಲುತ್ತೆ. ನಾನು ಒಂದನೇದಕ್ಕೆ ರಾ, ಎರಡನೇದಕ್ಕೆ ಜೆಪೆಗ್ ಹಾಕ್ತೀನಿ. ಫೋರಲ್ಲಿ ಎರಡೂ ವೇಗದ ಸ್ಲಾಟೇ, ಈ ತಲೆನೋವಿಲ್ಲ.

ಬ್ಯಾಟರಿ ಎರಡಕ್ಕೂ ಒಂದೇ, ಎನ್‌ಪಿ-ಎಫ್‌ಝಡ್100. ಮುಂದೆ ಫೋರ್ ತಗೊಂಡ್ರೂ ಹಳೇ ಬ್ಯಾಟರಿ ನಡೆಯುತ್ತೆ. ವಿಚಿತ್ರ ಅಂದ್ರೆ ಹಳೇದೇ ಹೆಚ್ಚು ಬಾಳುತ್ತೆ. ಕಂಪೆನಿ ಲೆಕ್ಕದಲ್ಲೇ ತ್ರೀ 710 ಫೋಟೊ, ಫೋರ್ 580.

ರಾಯಚೂರು ಬಿಸಿಲು

ನಿಕಾನ್ ಲೆನ್ಸ್ ಇದಾವಲ್ಲ, ನಿಕಾನ್‌ದೇ ಝಡ್6 ಕ್ಯಾಮೆರಾ ಯಾಕೆ ನೋಡಬಾರದು? ಅಡಾಪ್ಟರ್ ಹಾಕಿದ್ರೆ ಆಯ್ತು.

ಎಸ್‌ಲಾಗ್ ಸೀನ

ಅವರ ಹತ್ರ ಇರೋದು 50 1.8 ಡಿ. ಅದರೊಳಗೆ ಮೋಟರ್ ಇಲ್ಲ, ಎಫ್‌ಟಿಝಡ್ ಅಡಾಪ್ಟರಲ್ಲೂ ಇಲ್ಲ. ಕೈಯಲ್ಲೇ ಫೋಕಸ್ ಮಾಡ್ಬೇಕು. 18-140 ಡಿಎಕ್ಸ್, ಅಂದ್ರೆ ಸಣ್ಣ ಸೆನ್ಸರಿಗೆ ಮಾಡಿದ ಲೆನ್ಸು, ಝಡ್6ರಲ್ಲಿ ಹತ್ತು ಮೆಗಾಪಿಕ್ಸೆಲ್‌ಗೆ ಇಳಿಯುತ್ತೆ. ಮೊದಲ ಝಡ್6ಕ್ಕೆ ಸ್ಲಾಟ್ ಒಂದೇ ಬೇರೆ. ಝಡ್6 2ರಲ್ಲಿ ಎರಡಿದೆ, ಒಳ್ಳೆ ಕ್ಯಾಮೆರಾನೇ, ಆದ್ರೆ ಇವರಿಗೆ ಹಳೇ ಲೆನ್ಸಿನಿಂದ ಲಾಭ ಏನೂ ಇಲ್ಲ.

ಮಸ್ಕತ್ ಮಂಜ

ನಾನು ಮುಂದಿನ ತಿಂಗಳು ಊರಿಗೆ ಬರ್ತಾ ಇದೀನಿ, ಇಲ್ಲಿಂದ ಫೋರ್ ತಂದುಕೊಡ್ಲಾ ಅಂತ ಕೇಳೋಣ ಅಂದ್ಕೊಂಡೆ. ನಮ್ಮ ಭಾವನಿಗೆ ಹಿಂಗೇ ಒಂದು ಕ್ಯಾಮೆರಾ ತಂದಿದ್ದೆ. ಕಸ್ಟಮ್ಸಲ್ಲಿ ನಿಲ್ಲಿಸಿ ಡ್ಯೂಟಿ ಕಟ್ಟಿಸಿದ್ರು. ಆಮೇಲೆ ಕೆಟ್ಟಾಗ ಇಂಡಿಯಾ ಬಿಲ್ ಇಲ್ಲ ಅಂತ ವಾರಂಟಿಯಲ್ಲಿ ಮಾಡಿಕೊಡ್ಲಿಲ್ಲ. ಅದಕ್ಕೆ ಕೇಳಲ್ಲ ಬಿಡಿ.

ತುಮಕೂರು ಲೆಕ್ಕಿಗ

ಹೊಸದು ತಗೊಳ್ಳೋರಿಗೆ ಒಂದು ಮಾತು. ಜಿಎಸ್‌ಟಿ ನಂಬರ್ ಇದ್ರೆ ಬಿಲ್ ಆ ನಂಬರಿಗೆ ಮಾಡಿಸಿ, ಕಟ್ಟಿದ 18% ನೀವು ಗಿರಾಕಿಗಳಿಂದ ವಸೂಲಿ ಮಾಡೋ ತೆರಿಗೆಯಲ್ಲಿ ಕಳೀಬಹುದು. ಖಾಸಗಿಯವರ ಹತ್ರ ಸೆಕೆಂಡ್‌ಹ್ಯಾಂಡ್ ತಗೊಂಡ್ರೆ ಅದು ಸಿಗಲ್ಲ. ನಿಮ್ಮ ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ರೆ ನೋಂದಣಿನೇ ಬೇಡ, ಆಗ ಈ ಲಾಭಾನೂ ಇಲ್ಲ.

ಬೀರೂರು ಜಂಕ್ಷನ್

20 ಲಕ್ಷನಾ! ಬಾಯಿಗೆ ಸಕ್ಕರೆ ಹಾಕ್ಬೇಕು ನಿಮ್ಗೆ.

ಕೊಕ್ಕರೆ ಬೆಳ್ಳೂರು

ಎಲ್ಲ ಸೇರಿ ಹುಡುಗನ್ನ ಹಳೇ ಕ್ಯಾಮೆರಾಗೆ ತಳ್ತಿದೀರಿ. ನಾನು ತ್ರೀ ಮಾರಿ ಫೋರ್ ತಗೊಂಡವನು, ಅನುಭವದ ಮೇಲೆ ಹೇಳ್ತೀನಿ. ತ್ರೀನಲ್ಲಿ 2019ರ ಏಪ್ರಿಲ್‌ನ 3.0 ಫರ್ಮ್‌ವೇರ್ (ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್) ಬಂದ ಮೇಲೆ ಮನುಷ್ಯರ ಕಣ್ಣು ಹಿಡಿಯೋದು ಚೆನ್ನಾಗಾಯ್ತು, ಒಪ್ತೀನಿ. ನಾಯಿ ಬೆಕ್ಕಿನ ಕಣ್ಣೂ ಹಿಡಿಯುತ್ತೆ. ಆದ್ರೆ ಎದುರಿಗಿರೋರು ತಲೆ ತಿರುಗಿಸಿದ್ರೆ, ಮಧ್ಯೆ ಯಾರಾದ್ರೂ ಹಾದುಹೋದ್ರೆ, ತ್ರೀ ತಡವರಿಸುತ್ತೆ. ಫೋರ್ ಬಿಡಲ್ಲ. ರಂಗನತಿಟ್ಟಲ್ಲಿ ದೋಣಿ ಅಲ್ಲಾಡ್ತಿರುತ್ತೆ, ಕೊಂಬೆ ಹಿಂದೆ ಚಮಚದ ಕೊಕ್ಕಿನ ಹಕ್ಕಿ ಕೂತಿರುತ್ತೆ, ಅಲ್ಲಿ ನೋಡಿದೀನಿ ವ್ಯತ್ಯಾಸ. ಮದುವೆಯಲ್ಲೂ ಇಂಥದ್ದೇ ಅಲ್ವಾ? ಬರೀ ಕೊಂಬೆ ಬದಲು ನೆಂಟರು.

ತ್ರೀ ಪರದೆ ಪಕ್ಕಕ್ಕೆ ತಿರುಗಲ್ಲ, ಮೆನುನ ಮುಟ್ಟಿ ಆಡಿಸೋಕಾಗಲ್ಲ. ವ್ಯೂಫೈಂಡರ್ ಕೂಡ ಹಳೇ ಟಿವಿ ನೋಡ್ದಂಗೆ.

ಶಟರ್ ಸಿದ್ದಪ್ಪ

ನೀವು ಹೇಳಿದ್ದೆಲ್ಲ ಸರಿ. ದುಡ್ಡಿದ್ದೋರಿಗೆ ನಾನೂ ಫೋರೇ ಹೇಳೋದು. ದಿಬ್ಬಣ ಬರುವಾಗ, ಹುಡುಗಿ ಅಂತರಪಟದ ಹಿಂದಿಂದ ಇಣುಕುವಾಗ, ಅಂಥ ಕಡೆ ಫೋರಲ್ಲಿ ಹತ್ತಕ್ಕೆ ಒಂಬತ್ತು ಚೂಪಾಗಿ ಬಂದ್ರೆ ತ್ರೀನಲ್ಲಿ ಏಳು ಬರುತ್ತೆ, ನನ್ನ ಕೈಲಿ. ಆದ್ರೆ ಏಳು ಸಾಕು. ಕಿಟ್ ಲೆನ್ಸಿನ ಒಂಬತ್ತು ಕತ್ತಲಲ್ಲಿ ಒಂಬತ್ತಾಗಿ ಉಳಿಯಲ್ಲ.

ಉಪಕಾರಕ್ಕೆ ಅಂತ ಇನ್ನೊಂದು ಹೇಳ್ತೀನಿ, ಬೀರೂರಿನವರೇ. ಹಾಸನಕ್ಕೆ ಹೋಗೋ ಮುಂಚೆ ಓದ್ಕೊಳ್ಳಿ. ಶಟರ್ ಕೌಂಟ್ ಅವರು ಹೇಳಿದ್ದನ್ನ ನಂಬಬೇಡಿ, ಅಲ್ಲೇ ಒಂದು ಜೆಪೆಗ್ ತೆಗೆದು ಫೋನಿಗೆ ಹಾಕ್ಕೊಂಡು ನೀವೇ ನೋಡಿ, ಫೈಲ್ ಒಳಗೇ ಬರೆದಿರುತ್ತೆ. ಈ ಶಟರ್‌ನ 2 ಲಕ್ಷ ಕ್ಲಿಕ್ಕಿಗೆ ಪರೀಕ್ಷೆ ಮಾಡಿದಾರೆ, 62 ಸಾವಿರ ಅಂದ್ರೆ ಹರೆಯ. ಆದ್ರೆ ವಿಡಿಯೊಗೆ ಓಡಿಸಿದ ಕ್ಯಾಮೆರಾ ಆದ್ರೆ ಕೌಂಟು ಕಮ್ಮಿ ಇರುತ್ತೆ, ಸವೆದಿರೋದು ಜಾಸ್ತಿ. ಎಚ್‌ಡಿಎಂಐ ಬಾಯಿ ಸಡಿಲ ಇದ್ಯಾ, ಅಡಿಯಲ್ಲಿ ಗಿಂಬಲ್ (ವಿಡಿಯೊ ಅಲ್ಲಾಡದಂಗೆ ಹಿಡಿಯೋ ಸ್ಟ್ಯಾಂಡು) ಪ್ಲೇಟ್ ಉಜ್ಜಿದ ಗುರುತಿದ್ಯಾ ನೋಡಿ.

ಆಮೇಲೆ ಎಫ್/16ಕ್ಕೆ ಇಟ್ಟು ಬಿಳಿ ಗೋಡೆದೊಂದು ಫೋಟೊ. ಧೂಳು ಕಂಡ್ರೆ ಹೆದರ್ಬೇಡಿ, ಕ್ಲೀನ್ ಆಗುತ್ತೆ. ನೇರ ಗೆರೆ ಕಂಡ್ರೆ, ಹಸಿರೋ ನೇರಳೆಯೋ, ಎದ್ದು ಬನ್ನಿ. ಅದು ಲೇಸರ್ ಹೊಡೆತ. ರಿಸೆಪ್ಷನ್ನಲ್ಲಿ ಡಿಜೆಯವನು ಬಿಡ್ತಾನಲ್ಲ, ಅದು ಸೀದಾ ಲೆನ್ಸಿಗೆ ಬಿದ್ರೆ ಸೆನ್ಸರ್ ಸುಡುತ್ತೆ. ರಿಪೇರಿ ಅಂದ್ರೆ ಸೆನ್ಸರ್ ಬದಲಾಯಿಸೋದೇ. ಕ್ಯಾಪ್ ಮುಚ್ಚಿ 30 ಸೆಕೆಂಡಿಂದು ಒಂದು ತೆಗೆದು ಚುಕ್ಕಿ ಎಷ್ಟಿದೆ ನೋಡಿ. ಬಿಲ್ ಮೇಲಿನ ಸೀರಿಯಲ್ ನಂಬರೂ ಕ್ಯಾಮೆರಾ ಅಡಿಯದೂ ತಾಳೆ ಆಗ್ಬೇಕು.

ಧಾರವಾಡದಾಂವ

ಧೂಳ ಅಂದ ಕೂಡ್ಲೆ ನೆಪ್ಪಾತು. ಫೋರ್‌ನ್ಯಾಗ ಬಂದ್ ಮಾಡಿದಾಗ ಶಟರ್ ಮುಚ್ಚೂ ಹಂಗ ಇಡಬಹುದು, ಲೆನ್ಸ್ ಬದಲಿಸುವಾಗ ಸೆನ್ಸರ್ ಮ್ಯಾಲೆ ಧೂಳ ಬೀಳೂದು ಕಮ್ಮಿ. ತ್ರೀನ್ಯಾಗ ಬಾಯಿ ತಗದs ಇರ್ತದ. ನಮ್ ಕಡೆ ಕರೀ ಮಣ್ಣಿನ ಗಾಳಿಗೆ ಅದು ದೊಡ್ಡ ಮಾತು ನೋಡ್ರಿ. ಆದ್ರೂ ನಾ ಹೇಳೂದು ತ್ರೀ ತಗೋರಿ ಅಂತನ.

ಕಾಫಿಡೇ ಬೇಡ ಫಿಲ್ಟರ್ ಸಾಕು

ಇಎಂಐ ಇದೆಯಲ್ಲ, ತಿಂಗಳಿಗೆ ಎಂಟು ಸಾವಿರ ಕಟ್ಕೊಂಡು ಫೋರ್ ಜೊತೆ ಒಳ್ಳೆ ಲೆನ್ಸೇ ತಗೊಳ್ಳಿ. ಯಾಕಿಷ್ಟು ಯೋಚನೆ?

ತುಮಕೂರು ಲೆಕ್ಕಿಗ

ಆಷಾಢಕ್ಕೂ ಇಎಂಐ ಬರುತ್ತೆ, ಧನುರ್ಮಾಸಕ್ಕೂ ಬರುತ್ತೆ. ಮದುವೆ ಮಾತ್ರ ಬರಲ್ಲ.

ಕುಡ್ಲದ ಕಡಲು

ಎಲ್ಲ ಬಿಡಿ, ಒಂದು ಕೇಳ್ತೇನೆ. ನಿಮ್ಮ ಕಡೆ ಫೋಟೊದವರಿಗೆ ಊಟ ಎಷ್ಟನೇ ಪಂಕ್ತಿಯಲ್ಲಿ?

ಶಟರ್ ಸಿದ್ದಪ್ಪ

ಕೊನೇ ಪಂಕ್ತಿ. ಹೋಳಿಗೆ ಖಾಲಿ, ತಿಳಿಸಾರು ಮಾತ್ರ ಧಾರಾಳ.

ಎಡಿಟಿಂಗ್ ಅಕ್ಕ

ಅದಕ್ಕೇ ಊಟದ ಪಂಕ್ತಿಯ ಫೋಟೊದಲ್ಲಿ ಯಾವಾಗ್ಲೂ ಎಲೆ ಮೇಲೆ ಫೋಕಸ್, ಮುಖ ಬ್ಲರ್! ಈಗ ಗೊತ್ತಾಯ್ತು.

ನಿರ್ವಾಹಕ

ಊಟದ ಚರ್ಚೆಗೆ ಬೇರೆ ಎಳೆ ಶುರು ಮಾಡಿ. ಎರಡು ಮಾರಾಟದ ಪೋಸ್ಟ್ ತೆಗೆದಿದ್ದೇನೆ.

ಎಸ್‌ಲಾಗ್ ಸೀನ

ಕೊನೇದಾಗಿ, ಬಾಡಿಗೆಗೆ ಎರಡು ದಿನ ಫೋರ್ ತಂದು ಕೈಲಿ ಹಿಡಿದು ನೋಡಿ ಬೀರೂರಿನವರೇ. ನಾವು ಬರೆದಿದ್ದನ್ನ ಓದೋದಕ್ಕಿಂತ ಅದು ಸೋವಿ.

ಬೀರೂರು ಜಂಕ್ಷನ್ (ಹದಿನೆಂಟು ದಿನ ಬಿಟ್ಟು)

ಎಲ್ಲರಿಗೂ ವರದಿ ಒಪ್ಪಿಸ್ಬೇಕು.

ಹಾಸನಕ್ಕೆ ಹೋಗಿದ್ದೆ. ಕ್ಯಾಮೆರಾ ಮೇಲ್ನೋಟಕ್ಕೆ ಥಳಥಳ. ಕೌಂಟು ಹೇಳಿದಷ್ಟೇ ಇತ್ತು. ಸಿದ್ದಪ್ಪಣ್ಣ ಹೇಳಿದಂಗೆ ಎಫ್/16ಕ್ಕೆ ಇಟ್ಟು ಗೋಡೆ ಫೋಟೊ ತೆಗೆದೆ. ಬಲಗಡೆ ಮೇಲಿಂದ ಕೆಳಗೆ ಸಣ್ಣಗೆ ನೇರಳೆ ಗೆರೆ! ತೋರಿಸಿದ್ರೆ "ಅದು ನಿಮ್ಮ ಫೋನಿನ ಸ್ಕ್ರೀನು" ಅಂದ್ರು. ಇನ್ನೊಬ್ರ ಫೋನಲ್ಲಿ ನೋಡಿದ್ರೂ ಗೆರೆ ಅಲ್ಲೇ. ಹತ್ತು ಸಾವಿರ ಕಮ್ಮಿ ಮಾಡ್ತೀನಿ ಅಂದ್ರು, ಕಾಫಿ ಕುಡಿದು ಎದ್ದು ಬಂದೆ. 88 ಸಾವಿರ ಉಳಿಸಿದಿರಿ ಅಣ್ಣಾ.

ಆಮೇಲೆ ಸೀನಣ್ಣನ ಮಾತು ಕೇಳಿ ಬಾಡಿಗೆಗೆ ಫೋರ್ ತಂದೆ. ಅಕ್ಕನ ಮಗಳ ಮೊದಲ ವರ್ಷದ ಹುಟ್ಟುಹಬ್ಬ ಇತ್ತು. ನಿಜ ಹೇಳ್ಬೇಕು, ಮಗು ಅಂಬೆಗಾಲಲ್ಲಿ ಮೇಜಿನ ಕೆಳಗೆಲ್ಲ ಓಡಾಡಿದ್ರೂ ಫೋಕಸ್ ಬಿಟ್ಟುಕೊಡ್ಲಿಲ್ಲ. ಕೊಕ್ಕರೆಯವರು ಹೇಳಿದ್ದು ಸುಳ್ಳಲ್ಲ. ವಾಪಸ್ ಕೊಡುವಾಗ ಹೊಟ್ಟೆ ಚುರುಕ್ ಅಂತು. ಆದ್ರೆ ಅದರ ಜೊತೆ ಕಿಟ್ ಲೆನ್ಸೇ ತಂದಿದ್ದೆ, ಬೇಕಂತಲೇ. ಸಂಜೆ ಕೇಕ್ ಕಟ್ ಮಾಡುವಾಗ ಲೈಟ್ ಆರಿಸಿದ್ರು. 70ರಲ್ಲಿ 5.6, ಐಎಸ್‌ಒ 12800 ದಾಟ್ತು, ಮಗು ಕೈ ಆಡಿಸಿದ್ದೆಲ್ಲ ಮಸುಕು. ಅಲ್ಲಿಗೆ ನನ್ನ ಅನುಮಾನ ಹೋಯ್ತು.

ಮೊನ್ನೆ ಮೈಸೂರಲ್ಲಿ ಒಬ್ರು ಕಾಲೇಜ್ ಮೇಷ್ಟ್ರ ಹತ್ರ ತ್ರೀ ಸಿಕ್ತು. 41 ಸಾವಿರ ಕೌಂಟು, ಬಿಲ್ ಇದೆ, ಗೋಡೆ ಫೋಟೊ ಬೆಳ್ಳಗಿದೆ, 92 ಕೊಟ್ಟೆ. ಟ್ಯಾಮ್ರಾನ್ 28-75 ಹೊಸದು. 85 ಈಗ ಬೇಡ ಅಂತ ಬಿಟ್ಟೆ, ಅದರ ಬದಲು ಫ್ಲಾಶ್ ಎರಡು, ಕಾರ್ಡ್ ನಾಲ್ಕು, ಬ್ಯಾಟರಿ ಎರಡು ತಗೊಂಡೆ. ಮೂವತ್ತು ಸಾವಿರದ ಹತ್ರ ಇನ್ನೂ ಕೈಲಿದೆ. ಎರಡನೇ ಬಾಡಿ ಬೇಕಾದಾಗ ಮದುವೆಗೆ ಮದುವೆ ಫೋರ್ ಬಾಡಿಗೆಗೆ ತರ್ತೀನಿ.

ಕೊಕ್ಕರೆ ಬೆಳ್ಳೂರು

ಹೊಟ್ಟೆ ಚುರುಕ್ ಅಂತಲ್ಲ, ಅದು ಸಾಕು ನಂಗೆ. ಶುಭವಾಗ್ಲಿ.

ಶಟರ್ ಸಿದ್ದಪ್ಪ

ಫ್ಲಾಶ್ ಎರಡು ತಗೊಂಡಿದ್ದು ಜಾಣತನ. ಮೊದಲ ಮದುವೆ ದಿನ ಎರಡೂ ಕಾರ್ಡ್ ಒಳಗಿದೆಯಾ ಅಂತ ಮನೆ ಬಿಡುವಾಗ್ಲೇ ನೋಡ್ಕೊಳ್ಳಿ, ಛತ್ರದಲ್ಲಲ್ಲ.

ರಾಯಚೂರು ಬಿಸಿಲು

ಡಿ7200 ಮಾರ್ತೀರಾ? ನಮ್ಮ ತಮ್ಮ ಕಲೀಬೇಕು ಅಂತಿದಾನೆ.

ಬೀರೂರು ಜಂಕ್ಷನ್

ಮಾರ್ತೀನಿ. ಲೆನ್ಸ್ ಎರಡೂ ಸೇರಿಸಿ ಕೊಡ್ತೀನಿ. ಚೆನ್ನಾಗಿ ನೋಡ್ಕೊಂಡಿದೀನಿ, ಒಂದು ಗೀರಿಲ್ಲ.

ರಾಯಚೂರು ಬಿಸಿಲು

ಶಟರ್ ಕೌಂಟ್ ಎಷ್ಟು?

ಬೀರೂರು ಜಂಕ್ಷನ್

ಕಂಪೆನಿ ಪರೀಕ್ಷೆ ಮಾಡಿರೋದು ಒಂದೂವರೆ ಲಕ್ಷಕ್ಕೆ.

ರಾಯಚೂರು ಬಿಸಿಲು

ನಾ ಕೇಳಿದ್ದು ನಿಮ್ದು.

ಬೀರೂರು ಜಂಕ್ಷನ್

1,93,000. ವಿಡಿಯೊ ಮಾತ್ರ ಮಾಡಿಲ್ಲ, ಅಮ್ಮನಾಣೆ.